ಮೊಲ ಕಾಯ್ದವಳ ಚರ್ಚು

ಲಾಂಗನೋಗ್ ಎಂಬ ಪುಟ್ಟ ಊರು ದಾಟಿದರೆ ಮುಂದೆ ಒಂದೇ ಗಾಡಿ ಹಿಡಿಸುವಷ್ಟು ಸಪೂರ ರಸ್ತೆ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ರಿವರ್ಸ್ ತೆಗೆಯಲೇಬೇಕು. ಎರಡು ಮೈಲಿ ಕಳೆಯುವಷ್ಟರಲ್ಲಿ ಬರ್ವಿನ್ ಬೆಟ್ಟಗಳು ಅಡ್ಡ ನಿಂತು ಕಣಿವೆಯೇ ಮುಗಿದುಹೋಗುತ್ತದೆ. ವೇಲ್ಸ್‌ನ ಪೋವಿಸ್ ಜಿಲ್ಲೆಯ ಈ ಮೂಲೆಯಲ್ಲಿರುವುದು ಪೆನ್ನಂಟ್ ಮೆಲಾಂಗೆಲ್ ಚರ್ಚು. ಸುತ್ತ ಊರು ಎನ್ನುವಂಥದ್ದು ಏನೂ ಇಲ್ಲ. ಒಂದೆರಡು ಮನೆ, ಕುರಿ ಮೇಯುವ ಇಳಿಜಾರು, ಅಷ್ಟೆ.

ಹೆಸರು ಕೊಟ್ಟವಳು ಮೆಲಾಂಗೆಲ್. ಐರ್ಲೆಂಡಿನ ಅರಸನೊಬ್ಬನ ಮಗಳು, ಮದುವೆ ಒಲ್ಲದೆ ಮನೆಬಿಟ್ಟು ಬಂದು ಈ ಕಾಡಿನಲ್ಲಿ ತಪಸ್ಸಿಗೆ ಕೂತವಳು ಎನ್ನುತ್ತದೆ ಐತಿಹ್ಯ. ಕ್ರಿ.ಶ. 604ರಲ್ಲಿ ಪೋವಿಸ್‌ನ ರಾಜ ಬ್ರೊಖ್ವೆಲ್ ಬೇಟೆಗೆ ಬಂದಾಗ, ನಾಯಿಗಳು ಅಟ್ಟಿಸಿಕೊಂಡು ಬಂದ ಮೊಲವೊಂದು ಪ್ರಾರ್ಥನೆಯಲ್ಲಿದ್ದ ಅವಳ ಲಂಗದ ಮಡಿಕೆಯೊಳಗೆ ನುಗ್ಗಿತು. ಛೂ ಬಿಟ್ಟರೂ ನಾಯಿಗಳು ಕುಂಯ್‌ಗುಡುತ್ತ ಹಿಂದೆ ಸರಿದವು. ಬೇಟೆಗಾರ ಊದಲೆಂದು ಎತ್ತಿದ ಕೊಂಬು ತುಟಿಗೆ ಅಂಟಿಕೊಂಡಿತಂತೆ. ಬೆರಗಾದ ರಾಜ ಇಡೀ ಕಣಿವೆಯನ್ನು ಅವಳಿಗೆ ಬಿಟ್ಟುಕೊಟ್ಟು, ಮನುಷ್ಯರಾಗಲಿ ಪ್ರಾಣಿಗಳಾಗಲಿ ಓಡಿಬಂದವರಿಗೆಲ್ಲ ಇದು ಆಸರೆಯ ನೆಲ ಎಂದು ಸಾರಿದ.

ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಜನ ಅದನ್ನು ನಂಬಿ ನಡೆದುಕೊಂಡರು ಎನ್ನುವುದು ಮಾತ್ರ ಇತಿಹಾಸ. 17ನೇ ಶತಮಾನದವರೆಗೂ ಈ ಪ್ಯಾರಿಷ್‌ನಲ್ಲಿ ಯಾರೂ ಮೊಲ ಕೊಲ್ಲುತ್ತಿರಲಿಲ್ಲ. ಮೊಲಗಳನ್ನು ಇಲ್ಲಿನವರು ಮೆಲಾಂಗೆಲ್‌ಳ ಕುರಿಮರಿಗಳು ಎಂದೇ ಕರೆದರು. ನಾಯಿಗಳಿಗೆ ಸಿಕ್ಕಿಬೀಳಲಿರುವ ಮೊಲವನ್ನು ಕಂಡು ‘ದೇವರೂ ಮೆಲಾಂಗೆಲ್ಲೂ ನಿನ್ನ ಜೊತೆಗಿರಲಿ’ ಎಂದು ಕೂಗಿದರೆ ಅದು ಪಾರಾಗುತ್ತದೆ ಎಂಬ ನಂಬಿಕೆಯನ್ನು 18ನೇ ಶತಮಾನದ ಪ್ರವಾಸಿ ಲೇಖಕ ಥಾಮಸ್ ಪೆನ್ನಂಟ್ ಬರೆದಿಟ್ಟಿದ್ದಾನೆ. ನಾಯಿ ಬಿಟ್ಟು ಮೊಲ ಬೇಟೆಯಾಡಬಾರದೆಂಬ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಬಂದದ್ದು 2004ರಲ್ಲಿ!

ಈಗಿನ ಕಟ್ಟಡದ ಹಳೆಯ ಭಾಗ 12ನೇ ಶತಮಾನದ್ದು. ಮೆಲಾಂಗೆಲ್‌ಳ ಕಲ್ಲಿನ ಗದ್ದುಗೆಯೂ ಅದೇ ಕಾಲದ್ದು. ಮನೆಯ ಮಾಡಿನಂತೆ ಎರಡೂ ಕಡೆ ಇಳಿಜಾರಾದ ಕಲ್ಲಿನ ಪೆಟ್ಟಿಗೆ, ಅದನ್ನು ಎತ್ತಿ ಹಿಡಿದ ಗಿಡ್ಡ ಕಂಬಗಳು, ಅಂಚಿನುದ್ದಕ್ಕೂ ಎಲೆ ಬಳ್ಳಿಗಳ ಕೆತ್ತನೆ. 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆಯ ಅಲೆ ಎದ್ದು ಸಂತರ ಪೂಜೆ ನಿಂತಮೇಲೆ ಈ ಗದ್ದುಗೆಯನ್ನೂ ಕಿತ್ತುಹಾಕಿದರು. ಆದರೆ ಹದವಾಗಿ ಕೆತ್ತಿದ ಕಲ್ಲನ್ನು ಬಿಸಾಡಲು ಹಳ್ಳಿಯ ಯಾವ ಗಾರೆಯವನಿಗೆ ಮನಸ್ಸು ಬಂದೀತು? ಚರ್ಚಿನ ಗೋಡೆಗೂ ಸ್ಮಶಾನದ ಹೆಬ್ಬಾಗಿಲಿಗೂ ಅವೇ ಕಲ್ಲುಗಳು ಸೇರಿಕೊಂಡವು. ಭಕ್ತಿಯಿಂದ ಉಳಿಯದ ಗದ್ದುಗೆ ಜಿಪುಣತನದಿಂದ ಉಳಿಯಿತು ಎಂದರೆ ತಪ್ಪಾಗಲಾರದು. ಆ ತುಂಡುಗಳನ್ನು ಬಿಡಿಸಿ ತೆಗೆದು, 1958ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಉತ್ತರ ಯುರೋಪಿನಲ್ಲಿ ಉಳಿದಿರುವ ಈ ಶೈಲಿಯ ಅತ್ಯಂತ ಹಳೆಯ ಗದ್ದುಗೆಗಳಲ್ಲಿ ಇದೂ ಒಂದು.

ಕಲ್ಲು ಮರಳಿ ಬಂದರೂ ಜನ ಬರಲಿಲ್ಲ. ಲಾಂಗನೋಗ್‌ನ ಸೀಸದ ಗಣಿ, ಸ್ಲೇಟು ಕ್ವಾರಿಗಳು ಮುಚ್ಚಿದವು. 1904ರಲ್ಲಿ ಬಂದ ಪುಟ್ಟ ರೈಲಿನ ಪ್ರಯಾಣಿಕರ ಸೇವೆ 1951ಕ್ಕೇ ನಿಂತಿತು. 1980ರ ದಶಕದ ಹೊತ್ತಿಗೆ ಚರ್ಚಿನ ಸೂರು ಸೋರಿ, ಕೆಡವಿಬಿಡುವ ಮಾತೂ ಎದ್ದಿತ್ತು. ಅದನ್ನು ತಡೆದವರು ಪಾದ್ರಿ ಪಾಲ್ ಡೇವಿಸ್ ಮತ್ತು ಅವರ ಪತ್ನಿ ಎವೆಲಿನ್. ಪುರಾತತ್ವಜ್ಞರು ನೆಲ ಅಗೆದು ಪೂರ್ವ ತುದಿಯ ಅರ್ಧವೃತ್ತಾಕಾರದ ಗರ್ಭಗೃಹದ ಹಳೆಯ ತಳಪಾಯ ಕಂಡುಹಿಡಿದರು. ಅದರ ಮೇಲೆಯೇ ಗೋಡೆ ಎದ್ದಿತು, ಗದ್ದುಗೆಯನ್ನೂ ಮತ್ತೊಮ್ಮೆ ಸರಿಪಡಿಸಿ ಕೂರಿಸಲಾಯಿತು. 1992ರ ಹೊತ್ತಿಗೆ ಕೆಲಸ ಮುಗಿದಿತ್ತು.

ಒಳಗೆ ಹೋದವರು ತಲೆಯೆತ್ತಿ ನೋಡಬೇಕಾದ್ದು 15ನೇ ಶತಮಾನದ ಮರದ ಅಡ್ಡಪರದೆಯನ್ನು. ಅದರ ಮೇಲಿನ ಪಟ್ಟಿಯಲ್ಲಿ ರಾಜ, ನಾಯಿ, ಮೆಲಾಂಗೆಲ್, ಮೊಲ ಎಲ್ಲರೂ ಇದ್ದಾರೆ. ಬಡಗಿಗೆ ಬಳ್ಳಿಗಳ ಮೇಲೆ ಮೋಹ ಜಾಸ್ತಿ, ಮೊಲವನ್ನು ಹುಡುಕಿಯೇ ನೋಡಬೇಕು. ಬೆಟ್ಟದ ನಡುವಿನ ಈ ಚರ್ಚಿನಲ್ಲಿ ತಿಮಿಂಗಿಲದ್ದಿರಬಹುದಾದ ಒಂದು ದೊಡ್ಡ ಎಲುಬೂ ಇದೆ. ಸ್ಥಳೀಯರಿಗೆ ಅದು ರಾಕ್ಷಸಿಯ ಪಕ್ಕೆಲುಬು. ಹೊರಗಿನ ಸ್ಮಶಾನ ದುಂಡಗಿದೆ. ಕ್ರೈಸ್ತಧರ್ಮ ಬರುವ ಮೊದಲೇ, ಕಂಚಿನ ಯುಗದಲ್ಲೇ ಇಲ್ಲಿ ಸತ್ತವರ ಸಂಸ್ಕಾರ ನಡೆದ ಕುರುಹು ಸಿಕ್ಕಿದೆ. ಅಂಚಿನ ಯೂ ಮರಗಳಿಗೆ ಎರಡು ಸಾವಿರ ವರ್ಷ ಎನ್ನುವವರಿದ್ದಾರೆ. ವೇಲ್ಸ್‌ನ ಹೆಸರಾಂತ ಹಾರ್ಪ್ ವಾದಕಿ ನ್ಯಾನ್ಸಿ ರಿಚರ್ಡ್ಸ್ (1888–1979) ಮಣ್ಣಾದದ್ದೂ ಇಲ್ಲೇ.

ಡೇವಿಸ್ ದಂಪತಿಗಳು ಬರೀ ಗೋಡೆ ಕಟ್ಟಿ ಸುಮ್ಮನಾಗಲಿಲ್ಲ. ಕ್ಯಾನ್ಸರ್ ರೋಗಿಗಳು ಬಂದು ಮಾತಾಡಿ, ಮನಸ್ಸು ಹಗುರ ಮಾಡಿಕೊಳ್ಳಲೊಂದು ಕೇಂದ್ರವನ್ನೂ ಚರ್ಚಿನ ಪಕ್ಕದಲ್ಲೇ ತೆರೆದರು. ಇವತ್ತು ಈ ಚರ್ಚನ್ನು ನಡೆಸುತ್ತಿರುವುದು ಊರಿನ ಜನಕ್ಕಿಂತ ಹೆಚ್ಚಾಗಿ ದೂರದಿಂದ ಬರುವ ಯಾತ್ರಿಕರು. ಚರ್ಚಿಗೆ ಎಂದೂ ಹೋಗದವರೂ ಅವರಲ್ಲಿರುತ್ತಾರೆ. ಕಾಯಿಲೆ ಬಿದ್ದ ತಾಯಿಯ ಹೆಸರನ್ನೋ ತೀರಿಕೊಂಡ ಮಗುವಿನ ಹೆಸರನ್ನೋ ಒಂದು ಚೀಟಿಯಲ್ಲಿ ಬರೆದು ಗದ್ದುಗೆಯ ಕಲ್ಲಿನ ಮೇಲೆ ಇಟ್ಟು ಹೋಗುತ್ತಾರೆ.