ಐಸ್‌ಲೆಂಡಿನ ನೀಲಿ ಕೊಳ

ವಿದ್ಯುತ್ ಸ್ಥಾವರ ಹೊರಚೆಲ್ಲಿದ ನೀರಿನಲ್ಲಿ ಸ್ನಾನ ಮಾಡಲು ಯಾರಾದರೂ ಹಣ ಕೊಡುವರೆ? ಐಸ್‌ಲೆಂಡಿನಲ್ಲಿ ಕೊಡುತ್ತಾರೆ. ಅದೂ ದೂರದೇಶಗಳಿಂದ ವಿಮಾನವೇರಿ ಬಂದು! ಅಲ್ಲಿನ 'ಬ್ಲೂ ಲಗೂನ್', ಅಂದರೆ ನೀಲಿ ಕೊಳವನ್ನು ನಿಸರ್ಗದ ಕೊಡುಗೆ ಎಂದೇ ಹಲವರು ಭಾವಿಸಿದ್ದಾರೆ. ಅದು ಅರ್ಧ ಸತ್ಯ ಮಾತ್ರ.

ಐಸ್‌ಲೆಂಡ್ ಸುಮಾರು ನಾಲ್ಕು ಲಕ್ಷ ಜನರಿರುವ ಪುಟ್ಟ ದೇಶ. ಉತ್ತರ ಅಮೆರಿಕ ಮತ್ತು ಯುರೇಷಿಯ ಭೂಫಲಕಗಳು ಪರಸ್ಪರ ದೂರ ಸರಿಯುತ್ತಿರುವ ಗಡಿ ಈ ದೇಶದ ಮೂಲಕ ಹಾದುಹೋಗುತ್ತದೆ. ಆದ್ದರಿಂದ ಹೆಚ್ಚು ಆಳಕ್ಕೆ ಇಳಿಯುವ ಮೊದಲೇ ಶಿಲೆ ಬಹಳ ಬಿಸಿಯಾಗಿರುತ್ತದೆ. ನೈಋತ್ಯದ ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ ಸಮುದ್ರದ ನೀರು ನೆಲದೊಳಕ್ಕೆ ಇಂಗಿ, ಮಳೆನೀರಿನೊಡನೆ ಬೆರೆಯುತ್ತದೆ. ಈ ಮಿಶ್ರಣದ ಲವಣಾಂಶ ಸಮುದ್ರದ ನೀರಿನ ಸುಮಾರು ಮೂರನೆಯ ಎರಡು ಭಾಗ; ತಾಪ ಸುಮಾರು 240 ಡಿಗ್ರಿ ಸೆಲ್ಸಿಯಸ್. ಒತ್ತಡ ಹೆಚ್ಚಿರುವುದರಿಂದ ನೀರು ಅಷ್ಟು ಬಿಸಿಯಲ್ಲೂ ದ್ರವವಾಗಿಯೇ ಉಳಿಯುತ್ತದೆ.

1976ರಲ್ಲಿ ಅಲ್ಲಿ ಸ್ವಾರ್ಟ್ಸೆಂಗಿ ಭೂಉಷ್ಣ ಸ್ಥಾವರದ ನಿರ್ಮಾಣ ಆರಂಭವಾಯಿತು. ಮೇಲೆ ಬಂದ ನೀರಿನ ಹಬೆಯಿಂದ ವಿದ್ಯುತ್ತು, ಅದರ ಶಾಖದಿಂದ ಮನೆಗಳಿಗೆ ಬಿಸಿನೀರು. ಉಳಿದ ಉಪ್ಪುನೀರನ್ನು ಪಕ್ಕದ ಲಾವಾ ಬಯಲಿಗೆ ಬಿಟ್ಟರು. ರಂಧ್ರಮಯ ಲಾವಾ ಅದನ್ನು ಹೀರಿಕೊಳ್ಳುವುದೆಂಬ ನಿರೀಕ್ಷೆ ಇತ್ತು. ಆದರೆ ನೀರು ಇಂಗಲಿಲ್ಲ, ಕೊಳವಾಗಿ ನಿಂತಿತು. ಏಕೆ?

ಉತ್ತರ ರಸಾಯನ ವಿಜ್ಞಾನದಲ್ಲಿದೆ. ಬಿಸಿನೀರು ಶಿಲೆಯಿಂದ ಸಿಲಿಕವನ್ನು ಕರಗಿಸಿಕೊಳ್ಳುತ್ತದೆ. ತಾಪ ಹೆಚ್ಚಿದಷ್ಟೂ ಕರಗುವ ಪ್ರಮಾಣ ಹೆಚ್ಚು. ನೀರು ತಣಿದಾಗ ದ್ರಾವಣ ಅತಿಸಂತೃಪ್ತವಾಗುತ್ತದೆ. ಆಗ ಸಿಲಿಸಿಕ್ ಆಮ್ಲದ ಅಣುಗಳು ಒಂದಕ್ಕೊಂದು ಕೂಡಿ, ಅತಿ ಸೂಕ್ಷ್ಮ ಕಣಗಳ ಕಲಿಲವಾಗಿ, ಕೊನೆಗೆ ಬಿಳಿ ಕೆಸರಾಗಿ ತಳ ಸೇರುತ್ತವೆ. ಈ ಕೆಸರೇ ಲಾವಾದ ರಂಧ್ರಗಳನ್ನು ಮುಚ್ಚಿತು.

ಕೊಳದ ನೀಲಿ ಬಣ್ಣಕ್ಕೂ ಈ ಕಣಗಳೇ ಕಾರಣ. ಅವು ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುತ್ತವೆ. ತರಗತಿಯಲ್ಲಿ ನೀವೇ ಪರೀಕ್ಷಿಸಬಹುದು. ಒಂದು ಗಾಜಿನ ಲೋಟದ ನೀರಿಗೆ ಕೆಲವೇ ತೊಟ್ಟು ಹಾಲು ಬೆರೆಸಿ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಬೆಳಕು ಹಾಯಿಸಿ, ಪಕ್ಕದಿಂದ ನೋಡಿ: ನಸುನೀಲಿ ಛಾಯೆ ಕಾಣುತ್ತದೆ. ಟಾರ್ಚಿಗೆ ಎದುರಾಗಿ ನೋಡಿದರೆ ಬೆಳಕು ಹಳದಿಗೆ ತಿರುಗಿರುತ್ತದೆ.

1981ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗವಿದ್ದ ಒಬ್ಬರು ಈ ಕೊಳದಲ್ಲಿ ಮಿಂದು, ತಮಗೆ ಗುಣ ಕಂಡಿತೆಂದರು. ಸುದ್ದಿ ಹರಡಿತು. 1987ರಲ್ಲಿ ಸಾರ್ವಜನಿಕ ಸ್ನಾನದ ವ್ಯವಸ್ಥೆ, 1992ರಲ್ಲಿ ಕಂಪನಿ, 1995ರಲ್ಲಿ ಚರ್ಮದ ಆರೈಕೆಯ ಉತ್ಪನ್ನಗಳು ಬಂದವು. ಸಿಲಿಕ ಕೆಸರು, ಲವಣ ಹಾಗೂ ಕೊಳದಲ್ಲಿ ಬೆಳೆಯುವ ನೀಲಿ-ಹಸಿರು ಶೈವಲದ ಸಾರ ಇವುಗಳ ಮೂಲವಸ್ತುಗಳು. ಚರಂಡಿ ನೀರಾಗಬೇಕಿದ್ದುದು ಪುಟ್ಟ ದೇಶದ ಹೆಸರಾಂತ ಉದ್ಯಮವಾಯಿತು.

ಒಬ್ಬರ ಅನುಭವ ಪುರಾವೆಯಾಗುವುದೆ? ಆಗದು. ಆದ್ದರಿಂದಲೇ ಮುಂದೆ ವೈದ್ಯರು ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಿದರು. ಬರಿಯ ಅತಿನೇರಿಳೆ ಕಿರಣದ ಚಿಕಿತ್ಸೆಗಿಂತ, ಅದರೊಡನೆ ಕೊಳದ ಸ್ನಾನವೂ ಸೇರಿದಾಗ ಹೆಚ್ಚು ಗುಣ ಕಂಡುಬಂದಿತು. ಆದರೂ ಎಚ್ಚರ ಬೇಕು. ತಾನು ಸ್ನಾನ ಮಾಡುತ್ತಿರುವುದನ್ನು ರೋಗಿಯಿಂದ ಮರೆಮಾಚಲಾಗದು. ನಂಬಿಕೆಯ ಪ್ರಭಾವವನ್ನು ಪೂರ್ತಿ ಬೇರ್ಪಡಿಸುವುದು ಕಷ್ಟ. ರೋಗಿಯ ಚರ್ಮಕ್ಕೆ ಹಿತವಾದುದು ಆರೋಗ್ಯವಂತರ ಮುಖಕ್ಕೆ ಹೊಳಪು ತರುತ್ತದೆಂಬುದೂ ಬೇರೆಯೇ ಹೇಳಿಕೆ. ಅದಕ್ಕೆ ಬೇರೆಯೇ ಪುರಾವೆ ಬೇಕು.

ಈ ಉದ್ಯಮದ ಬಂಡವಾಳವಾದ ಭೂಗರ್ಭದ ಶಾಖವೇ ಅದರ ಅಪಾಯವೂ ಹೌದು. 2023ರ ನವೆಂಬರ್‌ನಲ್ಲಿ ಸರಣಿ ಭೂಕಂಪಗಳಾಗಿ, ಸಮೀಪದ ಗ್ರಿಂಡವೀಕ್ ಪಟ್ಟಣವನ್ನೇ ತೆರವು ಮಾಡಬೇಕಾಯಿತು, ಕೊಳವನ್ನೂ ಮುಚ್ಚಿದರು. ಡಿಸೆಂಬರ್‌ನಿಂದ ಅಗ್ನಿಪರ್ವತದ ಸ್ಫೋಟಗಳು ಮತ್ತೆ ಮತ್ತೆ ಆದವು. 2024ರ ಫೆಬ್ರವರಿಯಲ್ಲಿ ಲಾವಾ ಬಿಸಿನೀರಿನ ಕೊಳವೆಮಾರ್ಗವನ್ನು ಹಾಳುಮಾಡಿದಾಗ ನಡುಚಳಿಗಾಲದಲ್ಲಿ ಸಾವಿರಾರು ಮನೆಗಳು ತಣ್ಣಗಾದವು. ಅದೇ ವರ್ಷದ ನವೆಂಬರ್‌ನಲ್ಲಿ ಕೊಳದ ವಾಹನ ನಿಲ್ದಾಣವೇ ಲಾವಾದಡಿ ಹುದುಗಿತು. ಸ್ಥಾವರ ಮತ್ತು ಕೊಳದ ಸುತ್ತ ಕಟ್ಟಿದ ಮಣ್ಣುಕಲ್ಲಿನ ದಿಬ್ಬಗಳು ಪ್ರವಾಹವನ್ನು ಬೇರೆಡೆಗೆ ತಿರುಗಿಸಿದವು.

'ನೈಸರ್ಗಿಕ' ಎಂಬ ಚೀಟಿ ಹೊತ್ತ ಡಬ್ಬಿ ಕೈಗೆ ಬಂದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಲಿ: ಇದರಲ್ಲಿರುವುದೇನು? ಅದು ಎಲ್ಲಿಂದ, ಹೇಗೆ ಬಂತು? ಗುಣವನ್ನು ಪರೀಕ್ಷಿಸಿದವರು ಯಾರು? ನೀಲಿ ಕೊಳದ ವಿಷಯದಲ್ಲಿ ಮೊದಲೆರಡಕ್ಕೆ ಉತ್ತರ ಸ್ಪಷ್ಟ. ಮೂರನೆಯದಕ್ಕೆ ಸ್ವಲ್ಪ ಮಟ್ಟಿಗೆ ಮಾತ್ರ.