ಮಳೆಯ ಲೆಕ್ಕ, ಕೂಲಿಯ ಲೆಕ್ಕ

ಕರ್ನಾಟಕದ ಯಾವುದೇ ಗ್ರಾಮ ಪಂಚಾಯಿತಿಯ ಬಗ್ಗೆ ಸರ್ಕಾರದ ಬಳಿ ಎರಡು ಲೆಕ್ಕಗಳಿವೆ. ಅಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಎಂಬುದು ಒಂದು. ಉದ್ಯೋಗ ಖಾತರಿಯಲ್ಲಿ ಎಷ್ಟು ಜನ ಎಷ್ಟು ದಿನ ದುಡಿದರು ಎಂಬುದು ಇನ್ನೊಂದು. ಮಳೆ ಕೈಕೊಟ್ಟರೆ ಹೊಲದ ಕೆಲಸ ನಿಲ್ಲುತ್ತದೆ, ಜನ ಕೂಲಿ ಕೇಳಿಕೊಂಡು ಪಂಚಾಯಿತಿಗೆ ಬರುತ್ತಾರೆ ಎಂಬುದು ಹಳ್ಳಿಯವರಿಗೆಲ್ಲ ಗೊತ್ತಿರುವ ಮಾತು. ಅದನ್ನೇ ಅಂಕಿಗಳಲ್ಲಿ ತೋರಿಸಲು ಹೊರಟರೆ ಮಾತ್ರ ದಾರಿ ಕಡಿದಾಗುತ್ತದೆ. ಎರಡೂ ಲೆಕ್ಕ ಬೇರೆ ಬೇರೆ ಇಲಾಖೆಯವು. ಅಳತೆ, ಅವಧಿ, ಊರಿನ ಹೆಸರಿನ ಕಾಗುಣಿತ ಎಲ್ಲವೂ ಬೇರೆ ಬೇರೆ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯಾರೂ ಅರ್ಜಿ ಹಾಕದಿದ್ದರೂ ಇಲಾಖೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು ಎನ್ನುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯನ್ನು ತಂದಿತು. ಸಾರ್ವಜನಿಕರ ದುಡ್ಡಿನಲ್ಲಿ ಸಂಗ್ರಹಿಸಿದ, ಗೋಪ್ಯವಲ್ಲದ ದತ್ತಾಂಶ ಸಾರ್ವಜನಿಕರಿಗೆ ಸಿಗಬೇಕು, ಅದೂ ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಸಿಗಬೇಕು ಎಂಬುದು ಅದರ ತಿರುಳು. ಈ ಕೊನೆಯ ಷರತ್ತು ಸಣ್ಣದಲ್ಲ. ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಕೋಷ್ಟಕವನ್ನು ಮನುಷ್ಯ ಓದಬಹುದು, ಆದರೆ ಆರು ಸಾವಿರ ಪಂಚಾಯಿತಿಗಳ ಹತ್ತು ವರ್ಷದ ಅಂಕಿಗಳನ್ನು ಹಾಗೆ ಓದಿ ಕೂಡಿಸಲು ಯಾರಿಂದಲೂ ಆಗದು.

ಮಳೆ ಅಳೆಯುವ ಬಗೆ

ಮಳೆಯ ಲೆಕ್ಕದಲ್ಲಿ ಕರ್ನಾಟಕ ಬೇರೆ ರಾಜ್ಯಗಳಿಗಿಂತ ಮುಂದಿದೆ. ಬರದ ಮೇಲೆ ಕಣ್ಣಿಡಲೆಂದೇ 1988ರಲ್ಲಿ ಬೆಂಗಳೂರಿನಲ್ಲಿ ಒಂದು ಕೋಶ ಆರಂಭವಾಯಿತು. ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಳೆದದ್ದು ಅದರಿಂದಲೇ. ಈಗ ಹೆಚ್ಚುಕಡಿಮೆ ಪ್ರತಿ ಪಂಚಾಯಿತಿಗೂ ಒಂದರಂತೆ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿದ್ದು, ಸೌರಶಕ್ತಿಯಿಂದ ನಡೆಯುತ್ತ 15 ನಿಮಿಷಕ್ಕೊಮ್ಮೆ ಅಳತೆಯನ್ನು ಬೆಂಗಳೂರಿಗೆ ರವಾನಿಸುತ್ತವೆ. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಹಾಗಾಗಿ ನಾಲ್ಕೈದು ಮಿಲಿಮೀಟರಿನ ವ್ಯತ್ಯಾಸವೂ ಬಿತ್ತಿದವನಿಗೆ ದೊಡ್ಡದೇ.

ದೇಶಮಟ್ಟದಲ್ಲಿ ಭಾರತೀಯ ಹವಾಮಾನ ಇಲಾಖೆ 1901ರಿಂದ ಈಚಿನ ದಿನದಿನದ ಮಳೆಯನ್ನು ಕಾಲು ಡಿಗ್ರಿಯ ಚೌಕಗಳಲ್ಲಿ, ಅಂದರೆ ಸುಮಾರು 27 ಕಿಲೋಮೀಟರ್ ಅಗಲದ ಚೌಕಗಳಲ್ಲಿ, ಉಚಿತವಾಗಿ ಕೊಡುತ್ತದೆ. ಶತಮಾನದ ಏರಿಳಿತ ನೋಡಲು ಇದು ಬೇಕು. ಪಕ್ಕದೂರಿಗೆ ಬಿದ್ದ ಮಳೆ ನಮ್ಮೂರಿಗೆ ಯಾಕೆ ಬೀಳಲಿಲ್ಲ ಎಂದು ನೋಡಲು ಪಂಚಾಯಿತಿಯ ಮಾಪಕವೇ ಬೇಕು.

ಆದರೆ ಮಳೆಯ ಮೊತ್ತ ಒಂದೇ ಬರವನ್ನು ಹೇಳುವುದಿಲ್ಲ. ಜುಲೈನಲ್ಲಿ ಒಂದೇ ವಾರ ಸುರಿದು ಆಗಸ್ಟ್ ಪೂರ್ತಿ ಒಣಗಿದರೆ ಹಂಗಾಮಿನ ಮೊತ್ತ ವಾಡಿಕೆಯ ಹತ್ತಿರವೇ ಬಂದು ನಿಲ್ಲಬಹುದು, ಪೈರು ಮಾತ್ರ ಸುಟ್ಟುಹೋಗಿರುತ್ತದೆ. ಅದಕ್ಕೇ 2016ರ ಕೇಂದ್ರದ ಬರ ನಿರ್ವಹಣಾ ಕೈಪಿಡಿ ಮೂರು ನಾಲ್ಕು ವಾರ ಮಳೆಯಿಲ್ಲದ ಅವಧಿ, ಮಣ್ಣಿನ ತೇವ, ಬಿತ್ತನೆಯ ಪ್ರದೇಶ, ಉಪಗ್ರಹ ಚಿತ್ರದಲ್ಲಿ ಕಾಣುವ ಹಸಿರು ಇವನ್ನೂ ನೋಡಬೇಕೆನ್ನುತ್ತದೆ. 2023ರ ಆಗಸ್ಟ್, ದೇಶದಲ್ಲಿ 1901ರಿಂದ ಈಚೆಗೆ ಅತಿ ಕಡಿಮೆ ಮಳೆ ಕಂಡ ಆಗಸ್ಟ್. ಆ ವರ್ಷ ರಾಜ್ಯ ತನ್ನ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಜನ ಕೂಲಿಗಾಗಿ ಎಷ್ಟು ಬೇಡಿಕೆ ಇಡುತ್ತಿದ್ದಾರೆ, ಕೆಲಸ ಹುಡುಕಿ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದನ್ನೂ ಬರದ ಲಕ್ಷಣವಾಗಿ ಪರಿಗಣಿಸಬೇಕೆಂದು ಅದೇ ಕೈಪಿಡಿ ಹೇಳುತ್ತದೆ. ಅಂದರೆ ಎರಡು ಲೆಕ್ಕಗಳ ನಂಟನ್ನು ಸರ್ಕಾರವೇ ಒಪ್ಪಿದೆ.

ಕೆಲಸವನ್ನು ಎಣಿಸುವ ಬಗೆ

ಉದ್ಯೋಗದ ಅಂಕಿ ಎಂದೊಡನೆ ನೆನಪಾಗುವುದು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ನಿಯತಕಾಲಿಕ ಕಾರ್ಮಿಕ ಸಮೀಕ್ಷೆ. 2017ರಲ್ಲಿ ಆರಂಭವಾದ ಇದು 2025ರಿಂದ ತಿಂಗಳ ಅಂದಾಜುಗಳನ್ನೂ ಕೊಡುತ್ತಿದೆ. ಮನೆಮನೆಯ ಮೂಲ ದತ್ತಾಂಶವನ್ನು, ಹೆಸರು ವಿಳಾಸ ತೆಗೆದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನು ಓದುವಾಗ ಒಂದು ನಿಯಮ ನೆನಪಿರಬೇಕು: ವಾರದ ಲೆಕ್ಕದಲ್ಲಿ, ಏಳು ದಿನಗಳಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ. ಸ್ವಂತ ಹೊಲದಲ್ಲಿ ಒಂದು ಬೆಳಿಗ್ಗೆ ಕಳೆ ಕಿತ್ತವಳು ನಿರುದ್ಯೋಗಿಯಲ್ಲ.

ಇದು ಮಾದರಿ ಸಮೀಕ್ಷೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಆದರೆ ರಾಜ್ಯದ ಜಿಲ್ಲೆಗಳಂತೆ ಒಲೆಯ ಮೇಲೆ ಮೂವತ್ತೊಂದು ಪಾತ್ರೆಗಳಿದ್ದರೆ ಒಂದರ ಅಗುಳು ಇನ್ನೊಂದರ ಸುದ್ದಿ ಹೇಳದು. ಒಂದು ಉದಾಹರಣೆ ನೋಡೋಣ. ಜಿಲ್ಲೆಯೊಂದರಲ್ಲಿ ದುಡಿಯಬಯಸುವ 1,000 ಜನರನ್ನು ಕೇಳಿದಾಗ ನಿರುದ್ಯೋಗ ಶೇ 5 ಎಂದು ಬಂದಿತು ಎನ್ನೋಣ. ಸಂಖ್ಯಾಶಾಸ್ತ್ರದ ಸರಳ ಸೂತ್ರದ ಪ್ರಕಾರ ನಿಜವಾದ ಪ್ರಮಾಣ ಶೇ 3.6ರಿಂದ 6.4ರ ನಡುವೆ ಎಲ್ಲಿಯೂ ಇರಬಹುದು. ಕೇಳಿದ್ದು 250 ಜನರನ್ನಷ್ಟೇ ಆದರೆ ಆ ಹರವು ಶೇ 2.3ರಿಂದ 7.7ರವರೆಗೆ ಹಿಗ್ಗುತ್ತದೆ. ಜನರನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಅನಿಶ್ಚಿತತೆ ಇಳಿಯುವುದು ಅರ್ಧಕ್ಕೆ ಮಾತ್ರ. ರಾಜ್ಯಕ್ಕೆ ಸರಿಯಾದ ಅಂಕಿ ತಾಲ್ಲೂಕಿಗೆ ಬರುವಷ್ಟರಲ್ಲಿ ಬಹುಪಾಲು ಊಹೆಯಾಗುವುದು ಹೀಗೆ. ಜಿಲ್ಲೆಯನ್ನು ಮೂಲ ಘಟಕವಾಗಿಟ್ಟುಕೊಂಡು, ಮಾದರಿ ಮನೆಗಳ ಸಂಖ್ಯೆಯನ್ನು ಹೆಚ್ಚಿಸಿ 2025ರಲ್ಲಿ ಸಮೀಕ್ಷೆಯನ್ನು ಹೊಸದಾಗಿ ರೂಪಿಸಿದ್ದಕ್ಕೆ ಇದೂ ಒಂದು ಕಾರಣ.

ಉದ್ಯೋಗ ಖಾತರಿಯ ದತ್ತಾಂಶ ಬೇರೆಯೇ ಜಾತಿಯದು. ಅದು ಮಾದರಿಯಲ್ಲ, ಪೂರ್ಣ ದಾಖಲೆ. 2006ರಲ್ಲಿ 200 ಜಿಲ್ಲೆಗಳಲ್ಲಿ ಶುರುವಾದ ಈ ಖಾತರಿ ಯೋಜನೆ ನರೇಗಾದಲ್ಲಿ ಜಾಬ್ ಕಾರ್ಡ್, ಕೆಲಸದ ಅರ್ಜಿ, ಹಾಜರಿ ಪಟ್ಟಿ, ಕೂಲಿ ಪಾವತಿ ಎಲ್ಲವೂ ಪಂಚಾಯಿತಿವಾರು ಜಾಲತಾಣಕ್ಕೆ ಏರಿದವು. 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತಾದರೂ, ಎರಡು ದಶಕಗಳ ಈ ದಾಖಲೆ ಹಳ್ಳಿಯ ದುಡಿಮೆಯ ಬಗ್ಗೆ ನಮಗಿರುವ ಅತ್ಯಂತ ಸೂಕ್ಷ್ಮ ಲೆಕ್ಕ.

ಜೋಡಿಸುವಾಗ ಎದುರಾಗುವ ಗಂಟುಗಳು

ಮೊದಲ ಗಂಟು ಊರಿನದು. ಹೊಸಹಳ್ಳಿ ಎಂಬ ಹೆಸರಿನ ಊರುಗಳು ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟು. ಇಂಗ್ಲಿಷಿನಲ್ಲಿ ಬರೆದಾಗ ಒಂದು ಕಡತದಲ್ಲಿ ಹೊಸಹಳ್ಳಿ, ಇನ್ನೊಂದರಲ್ಲಿ ಹೊಸಳ್ಳಿ. ಗುಲ್ಬರ್ಗ 2014ರಲ್ಲಿ ಕಲಬುರಗಿಯಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರ್ಪಟ್ಟಿತು. ಗಡಿ ಬದಲಾದದ್ದನ್ನು ಮರೆತು ಕೋಷ್ಟಕ ಜೋಡಿಸಿದರೆ ಬಳ್ಳಾರಿಯ ಕೂಲಿಕಾರರು ಒಂದೇ ವರ್ಷದಲ್ಲಿ ಮಾಯವಾದಂತೆ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಹಳ್ಳಿಗೂ ಒಂದೊಂದು ಸಂಕೇತ ಸಂಖ್ಯೆ ಕೊಟ್ಟಿದೆ. ಎಲ್ಲ ಇಲಾಖೆಗಳೂ ಅದನ್ನೇ ಬಳಸಿದರೆ ಹೆಸರಿನ ಗೊಂದಲ ತೀರುತ್ತದೆ.

ಎರಡನೆಯದು ಕಾಲದ್ದು. ಮುಂಗಾರು ಜೂನಿನಿಂದ ಸೆಪ್ಟೆಂಬರ್, ನರೇಗಾ ಲೆಕ್ಕ ಏಪ್ರಿಲಿನಿಂದ ಮಾರ್ಚ್, ಕಾರ್ಮಿಕ ಸಮೀಕ್ಷೆಯ ವರ್ಷ 2024ರವರೆಗೆ ಜುಲೈನಿಂದ ಜೂನ್. ಮುಂಗಾರು ಸೋತ ಪೆಟ್ಟು ಕೂಲಿಯ ಲೆಕ್ಕದಲ್ಲಿ ಕಾಣಿಸುವುದು ಕೊಯ್ಲಿಲ್ಲದ ನವೆಂಬರಿನಲ್ಲೋ, ಹಿಂಗಾರಿಯೂ ಕೈಬಿಟ್ಟ ಫೆಬ್ರುವರಿಯಲ್ಲೋ. ವಾರ್ಷಿಕ ಮೊತ್ತದಲ್ಲಿ ಈ ಅಂತರ ಕರಗಿಹೋಗುತ್ತದೆ. ತಿಂಗಳವಾರು ಅಂಕಿಯೇ ಬೇಕು.

ಮೂರನೆಯದು ಅರ್ಥದ್ದು, ಎಲ್ಲಕ್ಕಿಂತ ಬಿಗಿಯಾದದ್ದು. ಒಂದು ತಾಲ್ಲೂಕಿನಲ್ಲಿ ಮಾನವ ದಿನಗಳು, ಅಂದರೆ ಎಲ್ಲರೂ ದುಡಿದ ದಿನಗಳ ಮೊತ್ತ, ಕಡಿಮೆ ಇದ್ದರೆ ಅಲ್ಲಿ ಕಷ್ಟ ಕಡಿಮೆ ಎಂದು ಹೇಳಬಹುದೇ? ಕೇಳಿದ 15 ದಿನಗಳೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂಬುದು ನರೇಗಾ ನಿಯಮವಾಗಿತ್ತು. ಆದರೆ ರಶೀದಿ ಕೊಡದೆ ಬಾಯಿಮಾತಿನಲ್ಲಿ ಕಳಿಸಿದ ಅರ್ಜಿ ಯಾವ ಕೋಷ್ಟಕಕ್ಕೂ ಬರುವುದಿಲ್ಲ. ಕೂಲಿ ತಡವಾಗಿ ಬರುವ ಕಡೆ ಜನ ಅರ್ಜಿಯನ್ನೇ ಹಾಕುವುದಿಲ್ಲ, ಗುಳೆ ಹೋಗುತ್ತಾರೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತಿದವರು ಮಳೆಯ ಲೆಕ್ಕದಲ್ಲೂ ಇಲ್ಲ, ತಮ್ಮ ಪಂಚಾಯಿತಿಯ ಕೂಲಿಯ ಲೆಕ್ಕದಲ್ಲೂ ಇಲ್ಲ. ಹಾಗಾಗಿ ಮಾನವ ದಿನಗಳ ಅಂಕಿ ಜನರ ಅಗತ್ಯವನ್ನಷ್ಟೇ ಹೇಳುವುದಿಲ್ಲ. ಅದರಲ್ಲಿ ಅನುದಾನವೂ ಪಂಚಾಯಿತಿಯ ಚುರುಕೂ ಬೆರೆತಿರುತ್ತವೆ. ಮಳೆ ಕಡಿಮೆ, ಕೂಲಿ ದಿನಗಳೂ ಕಡಿಮೆ ಎಂದು ಕಂಡ ತಾಲ್ಲೂಕಿಗೇ ಅಧಿಕಾರಿಗಳು ಮೊದಲು ಹೋಗಿ ನೋಡಬೇಕು.

ಮಳೆ ಮತ್ತು ಕೂಲಿಯ ಈ ನಂಟು ಹಿಮ್ಮುಖವಾಗಿಯೂ ಓಡುತ್ತದೆ. ಪರಿಸರ ದುಡಿಮೆಯನ್ನು ಬದಲಿಸಿದಂತೆ ದುಡಿಮೆಯೂ ಪರಿಸರವನ್ನು ಬದಲಿಸುತ್ತದೆ. ಬದು, ಕೃಷಿಹೊಂಡ, ಚೆಕ್‌ಡ್ಯಾಂ, ಕೆರೆಯ ಹೂಳೆತ್ತುವಿಕೆ ಇವೆಲ್ಲ ಖಾತರಿ ಕೆಲಸಗಳೇ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಥ ಕೆಲಸಗಳಿಂದ ನೀರಿನ ಲಭ್ಯತೆಯೂ ಮಣ್ಣಿನ ಗುಣವೂ ಸುಧಾರಿಸಿದ್ದನ್ನು ದಾಖಲಿಸಿತು. 2016ರಿಂದ ಪ್ರತಿ ಕಾಮಗಾರಿಯ ಜಾಗವನ್ನು ಇಸ್ರೋದ ಭುವನ್ ನಕ್ಷೆಯಲ್ಲಿ ಗುರುತಿಸಲಾಗಿದೆ. ಅದರ ಮೇಲೆ ಉಪಗ್ರಹದ ಹಸಿರಿನ ಚಿತ್ರವನ್ನೂ ಮಳೆಯ ಅಂಕಿಯನ್ನೂ ಹೊದಿಸಿದರೆ, ತೋಡಿದ ಹೊಂಡ ಬರದ ವರ್ಷ ಸುತ್ತಲ ಹೊಲಕ್ಕೆ ನೆರವಾಯಿತೇ ಎಂದು ಪರೀಕ್ಷಿಸಬಹುದು.

ಇಂಥ ಪರೀಕ್ಷೆಗೆ ಯಾವ ಕೂಲಿಕಾರರ ಹೆಸರೂ ಬೇಡ. ಸಾಮಾಜಿಕ ಪರಿಶೋಧನೆಯಲ್ಲಿ ಊರಿನವರ ಎದುರು ಹಾಜರಿ ಪಟ್ಟಿ ಓದಲು ಹೆಸರುಗಳು ಬೇಕು. ರಾಜ್ಯಮಟ್ಟದ ಅಧ್ಯಯನಕ್ಕೆ ಪಂಚಾಯಿತಿಯ ಮೊತ್ತ ಸಾಕು. ಬೇಕಾದದ್ದು ಮೂರೇ: ಪ್ರತಿ ಸಾಲಿನಲ್ಲೂ ಊರಿನ ಸಂಕೇತ ಸಂಖ್ಯೆ, ತಿಂಗಳವಾರು ಅಂಕಿ, ಮತ್ತು ಈ ಅಂಕಿ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬ ಒಂದು ಪುಟದ ವಿವರಣೆ. ಕೋಟಿಗಟ್ಟಲೆ ಖರ್ಚಿನಲ್ಲಿ ಮಾಪಕ ನೆಟ್ಟು, ಕೋಟ್ಯಂತರ ಜನರ ಹಾಜರಿ ಬರೆಸಿರುವ ಸರ್ಕಾರಕ್ಕೆ ಇದು ದುಬಾರಿಯ ಕೆಲಸವೇನಲ್ಲ. ಇಷ್ಟು ಮಾಡಿದರೆ ಬರ ಘೋಷಣೆಗೆ ಕಾಯದೆಯೇ, ಯಾವ ಪಂಚಾಯಿತಿಗೆ ಮುಂದಿನ ತಿಂಗಳು ಹೆಚ್ಚು ಕೆಲಸ ಬೇಕಾದೀತು ಎಂದು ಒಬ್ಬ ಕಾಲೇಜು ವಿದ್ಯಾರ್ಥಿಯೂ ಲೆಕ್ಕ ಹಾಕಿ ತೋರಿಸಬಲ್ಲ, ಆ ಲೆಕ್ಕವನ್ನು ಗ್ರಾಮಸಭೆ ಪ್ರಶ್ನಿಸಬಲ್ಲದು.