ಚಾಳೀಸು ನಲವತ್ತಕ್ಕೇ ಬರಬೇಕೆಂದಿಲ್ಲ

ನಮ್ಮ ಬೆಳಗಾವಿಯ ಭಾಗದಲ್ಲಿ ಕನ್ನಡಕಕ್ಕೆ 'ಚಾಳೀಸು' ಎನ್ನುವ ರೂಢಿ ಇಂದಿಗೂ ಇದೆ. ನೆರೆಯ ಮರಾಠಿ ಭಾಷಿಕರು ಅದನ್ನೇ 'ಚಾಳಿಶಿ' ಎನ್ನುತ್ತಾರೆ. ಎರಡರ ಮೂಲವೂ ನಲವತ್ತೆಂಬ ಸಂಖ್ಯೆ. ನಲವತ್ತು ದಾಟಿದವರ ಮೂಗಿನ ಮೇಲೆ ಏರುವ ವಸ್ತು ಎಂಬುದು ಆ ಹೆಸರಿನ ಭಾವ. ಕಣ್ಣಿನ ತೊಂದರೆಯೆಂದರೆ ಹಿರಿಯರ ತೊಂದರೆ ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ನೇತ್ರಶಿಬಿರಗಳನ್ನು ಕೊಂಡೊಯ್ದು, 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರನ್ನು ಸ್ಮರಿಸುವಾಗಲೂ ನಮ್ಮ ಕಣ್ಣೆದುರು ಬರುವವರು ಪೊರೆ ತೆಗೆಸಿಕೊಂಡ ಅಜ್ಜ-ಅಜ್ಜಿಯರೇ. ಅಂಗನವಾಡಿಗೆ ಹೋಗುವ ನಾಲ್ಕು ವರ್ಷದ ಕಂದನ ಕಣ್ಣನ್ನು ವೈದ್ಯರಿಗೆ ತೋರಿಸಬೇಕೆಂದು ನಮ್ಮಲ್ಲಿ ಎಷ್ಟು ಮಂದಿ ಪಾಲಕರು ಯೋಚಿಸಿದ್ದೇವೆ?

ಅಜ್ಜನ ಕಣ್ಣು ಮಂಜಾದರೆ ಆತ ಹೇಳುತ್ತಾನೆ. ಮೊದಲು ಹೇಗೆ ಕಾಣುತ್ತಿತ್ತು ಎಂಬುದು ಆತನಿಗೆ ತಿಳಿದಿದೆ. ಮಗುವಿನ ಸ್ಥಿತಿ ಹಾಗಲ್ಲ. ಹುಟ್ಟಿನಿಂದಲೇ ಮಸುಕಾಗಿ ಕಂಡವನಿಗೆ ಲೋಕವೇ ಮಸುಕಾದುದು. ದೂರು ಹೇಳಲು ಅವನಲ್ಲಿ ಹೋಲಿಕೆಯೇ ಇಲ್ಲ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ದುರ್ಬಲವಾಗಿದ್ದರಂತೂ ಯಾರಿಗೂ ಸುಳಿವು ಸಿಗದು. ಅಂಥ ಮಗುವಿನ ಮೆದುಳು ಒಳ್ಳೆಯ ಕಣ್ಣಿನ ಚಿತ್ರವನ್ನೇ ನೆಚ್ಚಿ, ಮಸುಕಾದ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಡುತ್ತದೆ. ವೈದ್ಯರು ಇದನ್ನು ಆಂಬ್ಲಿಯೋಪಿಯಾ ಎನ್ನುತ್ತಾರೆ. ಜನರ ಮಾತಿನಲ್ಲಿ ಇದು 'ಸೋಮಾರಿ ಕಣ್ಣು'. ಏಳೆಂಟು ವರ್ಷದೊಳಗೆ ಇದನ್ನು ಗುರುತಿಸಿದರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಅನಂತರವೂ ಪ್ರಯತ್ನ ವ್ಯರ್ಥವಲ್ಲವಾದರೂ ಫಲ ಕಡಿಮೆಯಾಗುತ್ತ ಹೋಗುತ್ತದೆ. ಅಂದರೆ, ನಮ್ಮ ಮಕ್ಕಳು ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ ವೇಳೆಗೆ ಆ ಅಮೂಲ್ಯ ಕಾಲದ ಬಹುಭಾಗ ಕಳೆದಿರುತ್ತದೆ.

ನಮ್ಮ ಸೀಮೆಯಲ್ಲಿ ಇದನ್ನು ಮರೆಮಾಚುವ ಇನ್ನೊಂದು ಸಂಗತಿಯಿದೆ. ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲೂಕಿನಲ್ಲಿಯೂ ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಇಲ್ಲವೆ ಇಂಗ್ಲಿಷು. ಒಂದನೆಯ ಇಯತ್ತೆಯ ಮಗು ಹಲಗೆಯ ಮೇಲಿನ ಅಕ್ಷರಗಳನ್ನು ತಪ್ಪಾಗಿ ಬರೆದುಕೊಂಡರೆ, ಭಾಷೆಗಳ ಗೊಂದಲವೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಮುಂದಿನ ವರ್ಷವೂ ಹಾಗೆಯೇ ಆದರೆ ದಡ್ಡನೆಂಬ ಬಿರುದು ಅಂಟುತ್ತದೆ. ಭಾಷೆಯನ್ನು ದೂರುವ ಮೊದಲು ಕಣ್ಣನ್ನು ಪರೀಕ್ಷಿಸುವುದು ಲೇಸು. ಇದಕ್ಕೆ ಮಗುವಿಗೆ ಯಾವ ಲಿಪಿಯೂ ಬರಬೇಕಿಲ್ಲ. ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಫಲಕವಿರುತ್ತದೆ. ಅದರ ಕಾಲುಗಳು ಯಾವ ಕಡೆಗಿವೆ ಎಂದು ಮಗು ಕೈಯಿಂದ ತೋರಿಸಿದರೆ ಸಾಕು.

ಮನೆಯಲ್ಲಿ ನಾವು ಗಮನಿಸಬೇಕಾದ ಲಕ್ಷಣಗಳು ಹಲವು. ಪುಸ್ತಕವನ್ನು ಮೂಗಿಗೆ ತಾಗಿಸಿ ನೋಡುವುದು, ತಲೆಯನ್ನು ಒಂದೇ ಕಡೆಗೆ ಓರೆಮಾಡುವುದು, ಕಣ್ಣು ಕಿರಿದಾಗಿಸುವುದು, ಮೇಲಿಂದ ಮೇಲೆ ಕಣ್ಣುಜ್ಜುವುದು. ಆಟದ ನೆಪದಲ್ಲಿ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡೋಣ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿರುವ ಮಗು ಇನ್ನೊಂದನ್ನು ಮುಚ್ಚಿದೊಡನೆ ಕೈ ತಳ್ಳಿ ಅತ್ತರೆ ಅದು ಹಟವಲ್ಲದಿರಬಹುದು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಕಾಯುವುದು ತರವಲ್ಲ. ಕಣ್ಣುಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ ಒಂದು ದಿನವೂ ತಡಮಾಡಬಾರದು. ದಿನ ತುಂಬದೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುವಿನ ಕಣ್ಣಿನ ಒಳಪದರವನ್ನು 30 ದಿನಗಳೊಳಗೆ ತಜ್ಞರಿಗೆ ತೋರಿಸಬೇಕು. ಯಾವ ಲಕ್ಷಣವೂ ಇಲ್ಲದಿದ್ದರೂ ಶಾಲೆಗೆ ಸೇರಿಸುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸುವುದು ಜಾಣತನ.

ಸರಕಾರದ ಏರ್ಪಾಡುಗಳೂ ಇವೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿಯೇ ಆರಂಭವಾಯಿತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರಕಾರಿ ಶಾಲೆಗಳ ಮಕ್ಕಳ ತಪಾಸಣೆ ನಡೆಯುತ್ತದೆ. ತಂಡದವರು 'ಕಣ್ಣು ತೋರಿಸಿ' ಎಂದು ಚೀಟಿ ಕೊಟ್ಟರೆ ಅದು ದೇವರ ಪಟದ ಹಿಂದೆ ಸೇರಿಕೊಳ್ಳಬಾರದು. ಖಾನಾಪುರದಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಇರುವ ದಾರಿ ಮೂವತ್ತು ಕಿಲೋಮೀಟರಿಗೂ ಕಡಿಮೆ. ಆದರೆ ಕಣಕುಂಬಿ, ಜಾಂಬೋಟಿಗಳ ಕಡೆಯ ಕೂಲಿ ಕುಟುಂಬಕ್ಕೆ ಮಳೆಗಾಲದಲ್ಲಿ ಅದು ಒಂದು ದಿನದ ಗಳಿಕೆಯ ಪ್ರಶ್ನೆ. ಅಂಥವರ ಮಗುವನ್ನು ಜೊತೆಗೆ ಕರೆದೊಯ್ಯುವ ನೆರೆಹೊರೆಯೇ ನಿಜವಾದ ನೆರೆಹೊರೆ.

ಕನ್ನಡಕ ಬಂದ ಮೇಲೆ ಇನ್ನೊಂದು ಪರೀಕ್ಷೆ ಆರಂಭವಾಗುತ್ತದೆ, ಅದು ನಮ್ಮದು. ಹಾಕಿದರೆ ನಂಬರು ಏರುತ್ತದೆ ಎಂಬ ಭಯ ಅನೇಕರಿಗಿದೆ. ಮಲೇಷ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಕಾದುದಕ್ಕಿಂತ ಕಡಿಮೆ ನಂಬರಿನ ಕನ್ನಡಕ ಕೊಟ್ಟ ಮಕ್ಕಳಲ್ಲಿಯೇ ಸಮೀಪದೃಷ್ಟಿ ಹೆಚ್ಚು ಬೆಳೆದುದು ಕಂಡುಬಂದಿತು. ಹೆಣ್ಣುಮಗುವಿಗಾದರೆ 'ನಾಳೆ ವರ ಸಿಗಬೇಕಲ್ಲ' ಎಂಬ ಚಿಂತೆ ಮೂರನೆಯ ವರ್ಷಕ್ಕೇ ಶುರುವಾಗುತ್ತದೆ. ವರನಿಗಾಗಿ ಕನ್ನಡಕ ಬಚ್ಚಿಟ್ಟು ಕಣ್ಣನ್ನೇ ಕಳೆಯುವುದು ಯಾವ ನ್ಯಾಯ? ಇನ್ನು ಕೆಲವು ತಾಯಂದಿರು ಬಸಿರಿನಲ್ಲಿ ತಾವೇನೋ ತಪ್ಪು ಮಾಡಿದೆವೆಂದು ಕೊರಗುತ್ತಾರೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಕೇಳಿದಾಗ ಯೇಸುಸ್ವಾಮಿ ಇಬ್ಬರ ಮೇಲೂ ದೋಷ ಹೊರಿಸಲಿಲ್ಲವೆಂದು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಅಷ್ಟು ಸಾಕು, ಕೊರಗು ಬಿಟ್ಟು ಕೆಲಸಕ್ಕೆ ತೊಡಗೋಣ.

ಚಿಕ್ಕ ಮಗುವಿಗೆ ಹಗುರವಾದ ಪ್ಲಾಸ್ಟಿಕ್ ಚೌಕಟ್ಟು, ಒಡೆಯದ ಗಾಜು, ತಲೆಯ ಹಿಂದೆ ಕಟ್ಟುವ ಪಟ್ಟಿ ಇದ್ದರೆ ಒಳ್ಳೆಯದು. ಬಣ್ಣವನ್ನು ಮಗುವೇ ಆರಿಸಲಿ. ಎದ್ದೊಡನೆ ಮುಖ ತೊಳೆದು ಕನ್ನಡಕ ಹಾಕುವುದು ಅಂಗಿ ತೊಡುವಷ್ಟೇ ಸಹಜವಾಗಲಿ. ಕಿತ್ತೆಸೆದರೆ ಗದರದೆ ಮತ್ತೆ ಹಾಕೋಣ. ಸೀರೆಯ ಸೆರಗಿನಿಂದ ಒರೆಸಿದರೆ ಗೀರು ಬೀಳುತ್ತದೆ. ನೀರು, ಸಾಬೂನು, ಮೆತ್ತನೆಯ ಅರಿವೆ ಸಾಕು. ಸೋಮಾರಿ ಕಣ್ಣಿರುವ ಕೆಲವು ಮಕ್ಕಳಿಗೆ ಕನ್ನಡಕವೊಂದರಿಂದಲೇ ಗುಣ ಕಾಣುತ್ತದೆ. ಉಳಿದವರ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ತಾಸು ಪಟ್ಟಿ ಅಂಟಿಸಬೇಕಾಗುತ್ತದೆ. ತೊಂದರೆ ಮಧ್ಯಮ ಪ್ರಮಾಣದ್ದಾದರೆ ಎರಡು ತಾಸಿನ ಪಟ್ಟಿ ಆರು ತಾಸಿನಷ್ಟೇ ಫಲ ಕೊಟ್ಟಿತೆಂದು 2003ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ಎಷ್ಟು ತಾಸೆಂಬುದನ್ನು ವೈದ್ಯರು ನಿರ್ಧರಿಸಲಿ. ಆ ಹೊತ್ತಿನಲ್ಲಿ ಚಿತ್ರ ಬಿಡಿಸುವುದು, ಅಕ್ಕಿಯ ಕಲ್ಲು ಆರಿಸುವುದು ನಡೆಯಲಿ. ಶಾಲೆಯ ಗುರುಗಳಿಗೂ ಭಾನುವಾರದ ಧರ್ಮೋಪದೇಶ ತರಗತಿಯ ಸಿಸ್ಟರಿಗೂ ವಿಷಯ ತಿಳಿಸೋಣ. 'ನಾಲ್ಕು ಕಣ್ಣು' ಎಂದು ಹಂಗಿಸುವವರನ್ನು ತಡೆಯುವ ಮೊದಲ ಕೈ ಅವರದೇ.

ಹೊಸದಾಗಿ ಸಮೀಪದೃಷ್ಟಿ ಬರದಂತೆ ತಡೆಯುವುದರಲ್ಲಿಯೂ ನಮ್ಮ ಪಾಲಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊತ್ತು ಬಯಲಿನಲ್ಲಿ ಕಳೆದ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಬಂದವರು ಶೇಕಡಾ 30ರಷ್ಟು. ಉಳಿದವರಲ್ಲಿ ಶೇಕಡಾ 40ರಷ್ಟು ಎಂದು 2015ರಲ್ಲಿ ವರದಿಯಾಯಿತು. ಖಾನಾಪುರದ ಮಕ್ಕಳಿಗೆ ಬಯಲಿಗೆ ಬರವಿಲ್ಲ. ನಗರದ ಮಕ್ಕಳ ಕೈಯಲ್ಲಿ ಮೊಬೈಲು ಕೊಟ್ಟು ಕೂರಿಸುವವರು ನಾವೇ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಕನ್ನಡಕದಿಂದಲೂ ದೃಷ್ಟಿ ಬಾರದ ಮಕ್ಕಳಿದ್ದಾರೆ. ಶೈಶವದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಥ ಎಷ್ಟೋ ಮಕ್ಕಳಿಗೆ ಸಂಗೀತವನ್ನೂ ಬದುಕನ್ನೂ ಕೊಟ್ಟು 2010ರಲ್ಲಿ ತೀರಿಕೊಂಡರು. ಅಂಥ ಮಗುವಿಗೂ ಬೇಗ ಗುರುತಿಸಿ ಬೇಗ ಕಲಿಸುವ ಕೈಗಳೇ ಬೇಕು.

ಮೇ ತಿಂಗಳ ರಜೆ ಮುಗಿಯುವ ಮೊದಲು ಮಕ್ಕಳಿಗೆ ಹೊಸ ಚೀಲ, ಛತ್ರಿ ಕೊಳ್ಳುತ್ತೇವೆ. ಆ ಪೇಟೆಯ ಓಡಾಟದ ದಿನವೇ ಮಗುವಿನ ಕಣ್ಣನ್ನೂ ಒಮ್ಮೆ ತೋರಿಸಿ ಬರೋಣ.